ಒಂದೇ ಡಿಸ್ಕಿಗೆ ಹಿಡಿಯದ ಮೇಷ್ಟ್ರು

ಕಿವಿ ಕೇಳದವರ ಬಗ್ಗೆ ಬರೆಯಲು ಕೂತರೆ ನಮ್ಮವರ ಪೆನ್ನಿನಿಂದ ಮೊದಲು ಉದುರುವ ಪದ 'ಪಾಪ'. ನಮ್ಮ ಬೀದಿಯ ಟೈಲರಕ್ಕನೆದುರು ಆ ಪದ ಆಡಿ ನೋಡಿ. ತುಟಿ ಓದಿಬಿಡುತ್ತಾಳೆ, ಆಮೇಲೆ ನಿಮ್ಮ ಪ್ಯಾಂಟಿನ ಅಳತೆ ದೇವರಿಗೇ ಪ್ರೀತಿ.

ಅವಳಿಗೆ ಕೈಸನ್ನೆಯ ಮಾತು ಕಲಿಸಿದವರು ಕಿವುಡರ ಶಾಲೆಯ ಮೇಷ್ಟ್ರು. ಅವರೂ ಕಿವುಡರೇ. ಸಾಯುವ ಮುಂಚೆ ಕ್ಯಾಮೆರಾದ ಮುಂದೆ ಕೂತು ಕಥೆ, ಚೇಷ್ಟೆ, ಬೈಗುಳ ಎಲ್ಲವನ್ನೂ ಕೈಮಾತಿನಲ್ಲಿ ಗಂಟೆಗಟ್ಟಲೆ ಹೇಳಿಟ್ಟು ಹೋದರು. ಶಾಲೆ ಮುಚ್ಚಿತು. ಉಳಿದದ್ದು ಒಂದು ಡಿವಿಡಿ, ಅದು ಟೈಲರಕ್ಕನ ಹತ್ತಿರ. ಈಚೆಗೆ ಅದಕ್ಕೂ ಗೀರು ಬಿದ್ದು, ನಡುನಡುವೆ ನಿಂತುಬಿಡುತ್ತಿತ್ತು. ಅದು ಕೆಟ್ಟರೆ ಮೇಷ್ಟ್ರ ಮಾತು ಇನ್ನೆಲ್ಲೂ ಇಲ್ಲ.

ಕೈಮಾತು ಬಲ್ಲ ನಾದಿನಿಯನ್ನು ಕರೆದುಕೊಂಡು, ಅದರ ನಕಲು ಮಾಡಿಸಲು ಅವಳು ವಿಡಿಯೋ ಅಂಗಡಿಗೆ ಹೋದಳು. ಡಿವಿಡಿ ಎರಡು ಪದರದ್ದು; ಅಂಗಡಿಯಲ್ಲಿದ್ದ ಒಂದೇ ಪದರದ ಖಾಲಿ ಡಿಸ್ಕಿಗೆ ಹಿಡಿಯುವುದು ಅದರ ಅರ್ಧಕ್ಕಿಂತ ತುಸು ಹೆಚ್ಚಷ್ಟೇ. ಅಂಗಡಿಯವನು ಒಂದು ಮಾತೂ ಕೇಳದೆ ಇಡೀ ಚಿತ್ರವನ್ನು ಹಿಂಡಿ ಒಂದೇ ಡಿಸ್ಕಿಗೆ ತುರುಕಿದ. ಮಾರನೆಯ ದಿನ ಟಿವಿಗೆ ಹಾಕಿ ತೋರಿಸಿದ.

ಮೇಷ್ಟ್ರ ಮುಖ ಸರಿಯಾಗಿಯೇ ಇತ್ತು. ಕೈ ಆಡಿಸಿದ್ದೇ ತಡ, ಬೆರಳುಗಳೆಲ್ಲ ಕಲಸಿ ಮುದ್ದೆಯಾದವು. ಟೈಲರಕ್ಕ ಮೇಜು ಗುದ್ದಿದಳು.

"ಏನಂತೆ?" ಎಂದ ಅಂಗಡಿಯವನು.

"ಮೇಷ್ಟ್ರು ತೊದಲ್ತಿದಾರಂತೆ," ಎಂದಳು ನಾದಿನಿ.

"ಸೌಂಡೇ ಇಲ್ವಲ್ಲಮ್ಮ, ತೊದಲೋದೆಲ್ಲಿಂದ ಬಂತು? ಮುಖ ನೋಡು, ಎಷ್ಟು ಚೆನ್ನಾಗಿ ಬಂದಿದೆ!"

ಟೈಲರಕ್ಕನ ಕೈ ಸರಸರ ಓಡಿತು. ನಾದಿನಿಗೆ ನಗು ತಡೆಯಲಿಲ್ಲ.

"ಹಾಡಿನ ಕ್ಯಾಸೆಟ್ ಕೊಟ್ಟು, 'ಹಾಡು ಕೇಳಲ್ಲ, ಕವರ್ ಚೆನ್ನಾಗಿದೆ' ಅಂತೀರಾ ಅಂತ ಅತ್ತಿಗೆ ಕೇಳ್ತಿದಾರೆ."

"ಅಯ್ಯೋ, ಇದನ್ನ ಅಷ್ಟು ಗಮನ ಕೊಟ್ಟು ಯಾರು ನೋಡ್ತಾರೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ನನ್ನ ಪಿತ್ತ ನೆತ್ತಿಗೇರುವುದು ಇಲ್ಲೇ. ನಮ್ಮ ಸಿನಿಮಾದ ಮಾತು ಒಂದು ಗಳಿಗೆ ನುಂಗಿಹೋದರೆ ಸೀಟು ಹರಿಯುತ್ತೇವೆ. ಅವಳ ಇಡೀ ಭಾಷೆ ಕಲಸಿಹೋದರೆ ಅವಳೇ ಅಡ್ಜಸ್ಟ್ ಮಾಡಿಕೊಳ್ಳಬೇಕು. ಜಾಗ ಸಾಲದಾದಾಗಲೆಲ್ಲ ನಾವು ಮೊದಲು ಹಿಂಡುವುದು ಇಂಥವರನ್ನೇ.

ಟೈಲರಕ್ಕ ಎರಡು ಬೆರಳೆತ್ತಿ ಅವನ ಮೂಗಿನ ಮುಂದೆ ಹಿಡಿದಳು. ಎರಡು ಡಿಸ್ಕು. ಹಿಂಡುವ ಹಾಗಿಲ್ಲ.

"ಕಂಪ್ಯೂಟರಿಂದ ಅಳಿಸಿಬಿಟ್ಟಿದೀನಮ್ಮ. ಹಳೇದನ್ನ ಮತ್ತೆ ಮೊದಲಿಂದ ಓದಿಸ್ಬೇಕು. ನಿನ್ನೆನೇ ಒದ್ದಾಡ್ತು. ಈ ಸಲ ಪೂರ್ತಿ ಕೈಕೊಟ್ರೆ ಈ ಮುದ್ದೆನೇ ಗತಿ."

ನಾದಿನಿ ಹೆದರಿದಳು. "ಬೇಡ ಅತ್ತಿಗೆ. ಮುಖನಾದ್ರೂ ಉಳೀತಲ್ಲ."

"ಮುಖ ನೋಡೋಕೆ ಫೋಟೋ ಸಾಕು," ಎಂದು ಕೈಯಲ್ಲೇ ಗದರಿದಳು ಟೈಲರಕ್ಕ. "ಹಾಕು ಅನ್ನು ಅವನಿಗೆ."

ಎರಡು ಡಿಸ್ಕಿಗೆ ಹಂಚಲು ಸರಿಯಾಗಿ ನಡುವಿಗೆ ಕತ್ತರಿಸುತ್ತೇನೆಂದ ಅವನು. ಅದನ್ನೂ ಅವಳು ಒಪ್ಪಲಿಲ್ಲ. ಟಿವಿಯಲ್ಲಿದ್ದ ಆ ಮುದ್ದೆ ಚಿತ್ರದಲ್ಲೇ, ಕಥೆ ಮುಗಿಸಿ ಮೇಷ್ಟ್ರು ಕೈಗಳನ್ನು ತೊಡೆಯ ಮೇಲಿಟ್ಟ ಜಾಗ ತೋರಿಸಿ, ಅಲ್ಲೇ ಎಂದಳು. "ಕತ್ತರಿ ಹಾಕೋದು ಇವನಿಂದ ಕಲೀಬೇಕಾ ನಾನು?" ಎಂದದ್ದನ್ನು ನಾದಿನಿ ತುಸು ಮೆತ್ತಗೆ ಮಾಡಿ ದಾಟಿಸಿದಳು.

ಹಳೆಯ ಡಿಸ್ಕು ಒಳಗೆ ಹೋಯಿತು. ಟೈಲರಕ್ಕ ಯಂತ್ರದ ಮೇಲೆ ಅಂಗೈ ಇಟ್ಟು ನಿಂತಳು. ಅದರ ನಡುಕ ನಿಂತಾಗಲೆಲ್ಲ ಇವಳ ಉಸಿರೂ ನಿಂತಿತು. ಅದು ತಿರುಗಿದಾಗ ಬಿಟ್ಟಳು. ಒಂದು ಕಡೆ ಕಥೆಯ ಚೂರೊಂದು ಹೋಗಿಯೇಬಿಟ್ಟಿತು. ಉಳಿದದ್ದೆಲ್ಲ ಬಂತು, ಒಂದೊಂದು ಬೆರಳೂ ಬಿಡಿಬಿಡಿಯಾಗಿ.

ಎರಡನೆಯ ಡಿಸ್ಕು ಹಾಕಿ ನೋಡುವಾಗ ಮೇಷ್ಟ್ರು ಅದೇನೋ ಹೇಳಿದರು. ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅಂಗಡಿಯವನಿಗೆ ತಡೆಯಲಾಗಲಿಲ್ಲ.

"ಏನಂತಮ್ಮ ಜೋಕು? ನಮಗೂ ಸ್ವಲ್ಪ ಹೇಳ್ರಿ."

ನಾದಿನಿ ಬಾಯಿ ತೆರೆದಳು. ಟೈಲರಕ್ಕ ಆ ಬಾಯನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯಲ್ಲಿ ಟಿವಿಯ ಕಡೆ ತೋರಿಸಿದಳು. ಕೈ ಸರಿದ ಮೇಲೆ ನಾದಿನಿ ಅಷ್ಟನ್ನು ಮಾತ್ರ ದಾಟಿಸಿದಳು:

"ಮೇಷ್ಟ್ರು ಅಲ್ಲೇ ಇದಾರಂತೆ. ಬೇಕಾದ್ರೆ ಕೂತು ಕಲೀರಿ."