ಜೊತೆಗಾತಿಯ ಚೀಲ

ಒಳ್ಳೆಯ ವಸ್ತುವನ್ನು ಕೈಗೆ ಕೊಟ್ಟರೆ ಮನುಷ್ಯರು ಅದನ್ನು ಬಳಸುವುದಿಲ್ಲ, ಎತ್ತಿಡುತ್ತಾರೆ. ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಮಾವ ದುಬೈಯಿಂದ ತಂದುಕೊಟ್ಟ ಆರು ಪಿಂಗಾಣಿ ಕಪ್ಪುಗಳಿವೆ. ನಾನು ಹೈಸ್ಕೂಲಿನಲ್ಲಿದ್ದಾಗ ಬಂದ ಅವು, ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಒಂದು ಗುಟುಕು ಚಹಾದ ರುಚಿ ಕಂಡಿಲ್ಲ. ಯಾರಾದರೂ ಬಂದರೆ ಬೇಕಾಗುತ್ತದೆ ಎನ್ನುತ್ತಾರೆ ಅಮ್ಮ. ಬಂದವರೆಲ್ಲ ಸ್ಟೀಲಿನ ಲೋಟದಲ್ಲಿ ಕುಡಿದು ಹೋಗಿದ್ದಾರೆ. ಆ 'ಯಾರಾದರೂ' ಎಂಬ ಗಣ್ಯರು ಇನ್ನೂ ಬಂದಿಲ್ಲ.

ಇದು ನನ್ನ ಉದ್ಯೋಗದ ಸಮಸ್ಯೆಯೂ ಹೌದು ಎಂದರೆ ನೀವು ನನ್ನನ್ನು ಪಾತ್ರೆ ವ್ಯಾಪಾರಿಯೆಂದು ತಿಳಿಯಬಹುದು. ನಾನು ಮಂಗಳೂರಿನ ಐದೇ ಜನರ ಸಣ್ಣ ಕಚೇರಿಯೊಂದರಲ್ಲಿ ವಿಡಿಯೋ ಗೇಮಿಗೆ ಕಥೆ ಬರೆಯುತ್ತೇನೆ. ಆಡುವವನು ತಾನೇ ಒಬ್ಬ ಯಾತ್ರಿಕನ ವೇಷ ತೊಟ್ಟು, ಊರೂರು ದಾಟಿ, ದಾರಿಯಲ್ಲಿ ಸಿಕ್ಕಿದ್ದನ್ನು ಹೆಕ್ಕಿಕೊಂಡು, ಜೊತೆಗೊಬ್ಬರನ್ನು ಸೇರಿಸಿಕೊಂಡು, ಕೊನೆಗೆ ಖಳನ ಎದುರು ನಿಲ್ಲುವ ಬಗೆಯ ಆಟ. ಅದರಲ್ಲಿ ಹೆಕ್ಕುವ ವಸ್ತು, ಜೊತೆಗೆ ನಡೆಯುವ ಜೀವ, ಎದುರು ನಿಲ್ಲುವ ಖಳ, ಈ ಮೂರರ ಸೃಷ್ಟಿ ನನ್ನ ಪಾಲಿನದು. ಬ್ರಹ್ಮನಿಗೂ ನನಗೂ ಇರುವ ವ್ಯತ್ಯಾಸವೆಂದರೆ, ನನ್ನ ಸೃಷ್ಟಿಯನ್ನು ಪ್ರತಿ ಶನಿವಾರ ಕಾಲೇಜು ವಿದ್ಯಾರ್ಥಿಗಳು ಬಂದು ಆಡಿ ನೋಡಿ ತೀರ್ಪು ಕೊಡುತ್ತಾರೆ.

ವಸ್ತುಗಳ ವಿಷಯದಲ್ಲಿ ತೀರ್ಪು ಬೇಗನೆ ಬಂತು. ಯಾವ ಗಾಯವನ್ನಾದರೂ ಕ್ಷಣದಲ್ಲಿ ಮಾಯಿಸುವ ಒಂದು ತೈಲವನ್ನು ನಾನು ಬಹಳ ಶ್ರದ್ಧೆಯಿಂದ ಕಲ್ಪಿಸಿದ್ದೆ; ಅದರ ವರ್ಣನೆಗೆ ಎರಡು ದಿನ ಹಿಡಿದಿತ್ತು. ಅದನ್ನು ಒಬ್ಬರೂ ಬಳಸಲಿಲ್ಲ. ಮುಂದೆ ಇದಕ್ಕಿಂತ ದೊಡ್ಡ ಗಾಯವಾದೀತು ಎಂದು ಕಾದಿಟ್ಟರು. ಒಬ್ಬ ವಿದ್ಯಾರ್ಥಿಯಂತೂ ಚೀಲದಲ್ಲಿ ಏಳು ಸೀಸೆ ತೈಲ ಇಟ್ಟುಕೊಂಡೇ, ಕಾಲಿಗಾದ ಗಾಯದಿಂದ ಸತ್ತುಹೋದ. ಅಮ್ಮನ ಕಪಾಟಿನ ತತ್ತ್ವ ಇಷ್ಟು ವಿಶ್ವವ್ಯಾಪಿಯೆಂದು ನನಗೆ ಆ ದಿನ ಗೊತ್ತಾಯಿತು.

ಖಳನದು ಬೇರೆಯೇ ಕಥೆ. ನನ್ನ ಖಳ ಒಂದು ದೊಡ್ಡ ಹೊಳೆಯ ಕಡವನ್ನು ವಶಮಾಡಿಕೊಂಡವನು; ಅವನ ಅಪ್ಪಣೆಯಿಲ್ಲದೆ ದೋಣಿ ಹೊರಡುವುದಿಲ್ಲ. ಅರಚಾಡುವ ಖಳರು ನನಗೆ ಹಿಡಿಸುವುದಿಲ್ಲವಾದ್ದರಿಂದ ಅವನನ್ನು ವಿನಯವಂತನನ್ನಾಗಿ ಮಾಡಿದ್ದೆ. ಎದುರು ಬಂದ ಯಾತ್ರಿಕನಿಗೆ ಅವನು ಮೊದಲು ಕೇಳುವುದು, "ಊಟ ಆಯ್ತಾ?" ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗಿರುವ ಬಲವನ್ನು ನಾನು ಅಂದಾಜು ಮಾಡಿರಲಿಲ್ಲ. ಕತ್ತಿ ಹಿರಿದವರು ಹಾಗೆಯೇ ನಿಂತುಬಿಟ್ಟರು. ಅವನು ಪಾಪದವನು, ಅವನಿಗೆ ಯಾಕೆ ಹೊಡೆಯಬೇಕು ಎಂದು ಕೇಳಿದರು.

ಆದರೆ ನನ್ನ ನಿಜವಾದ ಸಂಕಟ ಜೊತೆಗಾತಿಯದು. ಅವಳ ಹೆಸರು ನೇತ್ರಾ. ದಾರಿ ಬಲ್ಲವಳು, ಮಿತಭಾಷಿ, ತನ್ನ ಹೊರೆ ತಾನೇ ಹೊರುವವಳು, ಯಾರನ್ನೂ ಏನನ್ನೂ ಕೇಳದವಳು. ತಪ್ಪು ದಾರಿ ತೋರಿಸಿದ್ದು ಒಮ್ಮೆಯೂ ಇಲ್ಲ. ನನಗೆ ಅವಳ ಮೇಲೆ ಗುಟ್ಟಾದ ಅಭಿಮಾನವಿತ್ತು. ಆಟದಲ್ಲಿ ಪ್ರತಿ ಊರಿನಲ್ಲೂ ಜೊತೆಗಾರರನ್ನು ಬಿಟ್ಟುಹೋಗುವ ಸ್ವಾತಂತ್ರ್ಯವಿದೆ. ಆಡಿದವರೆಲ್ಲ ಎರಡನೆಯ ಊರಿನಲ್ಲೇ ಅವಳನ್ನು ಬಿಟ್ಟರು. ಜಗಳವಾಡಿ ಬಿಟ್ಟಿದ್ದರೆ ಸಮಾಧಾನವಿತ್ತು. ಕೊಡೆ ಮರೆತು ಹೋದ ಹಾಗೆ ಬಿಟ್ಟರು.

ನಮ್ಮ ಕಚೇರಿಯ ಯಜಮಾನ ಅಶ್ವಿತ್ ನನಗಿಂತ ಎರಡು ವರ್ಷ ದೊಡ್ಡವನು, ಹೇಳುವುದನ್ನು ಸುತ್ತಿ ಬಳಸದೆ ಹೇಳುವವನು. "ಇವಳು ಬೇಕಾ ನಿಜವಾಗಿ?" ಎಂದ. "ಇವಳ ಕೆಲಸವನ್ನು ಒಂದು ನಕ್ಷೆ ಮಾಡ್ತದೆ. ಬರುವ ಶನಿವಾರವೂ ಹೀಗೆಯೇ ಆದ್ರೆ ತೆಗೆದುಬಿಡುವಾ. ನಕ್ಷೆ ಹಾಕುವಾ."

ನಾನು ಆಯಿತು ಎಂದೆ. ನಾನು ಎದುರಾಡುವವಳಲ್ಲ. ಆದರೆ ಒಂದು ವರ್ಷ ನನ್ನ ಜೊತೆಗಿದ್ದವಳ ಜಾಗಕ್ಕೆ ಒಂದು ಹಾಳೆ ಕಾಗದ ಬರುವುದನ್ನು ಯೋಚಿಸಿ ಆ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಅವಳು ಯಾರ ಅಚ್ಚಿನಲ್ಲಿ ತೆಗೆದ ಗೊಂಬೆಯೆಂದು ಓದುಗರಾದ ನೀವು ಈಗಾಗಲೇ ಊಹಿಸಿದ್ದರೆ, ದಯವಿಟ್ಟು ಅಶ್ವಿತನಿಗೆ ಹೇಳಬೇಡಿ. ಅವನಿಗೆ ಅದು ಇನ್ನೂ ಹೊಳೆದಿಲ್ಲ.

ಅದೇ ಸಂಜೆ ಬೇಗನೆ ಕಚೇರಿ ಬಿಟ್ಟು, ಗಡಿಯಾಚೆ ಕೇರಳದ ಉಪ್ಪಳದಲ್ಲಿ ಇಳಿದು, ಮನೆ ಕಡೆಗೆ ಹೋಗುವ ಬಾಯಾರಿನ ಬಸ್ಸು ಹತ್ತಿದೆ. ಶಾಲೆ ಬಿಟ್ಟ ಹೊತ್ತು, ಒಳಗೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಕಡೆಯ ಬಸ್ಸುಗಳಲ್ಲಿ ಒಂದು ಪದ್ಧತಿಯಿದೆ: ನಿಂತವರ ಚೀಲವನ್ನು ಕುಳಿತವರು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಗುರುತು ಪರಿಚಯ ಬೇಕಾಗಿಲ್ಲ, ಕೇಳುವುದು ಕೂಡ ಬೇಕಾಗಿಲ್ಲ. ಚೀಲ ಚಾಚಿದರೆ ಮಡಿಲು ತೆರೆಯುತ್ತದೆ. ಕಾಲೇಜಿಗೆ ಹೋಗಿಬರುತ್ತಿದ್ದ ಅಷ್ಟೂ ವರ್ಷ ನಾನು ಈ ಸೌಲಭ್ಯವನ್ನು ಬಳಸಿದವಳಲ್ಲ. ಎರಡು ಕೈಯಲ್ಲಿ ಚೀಲವನ್ನು ಎದೆಗವಚಿಕೊಂಡು, ಕಂಬಕ್ಕೆ ಬೆನ್ನು ಕೊಟ್ಟು, ತಿರುವು ಬಂದಾಗ ಯಾರ ಮೇಲೂ ಬೀಳದ ಹಾಗೆ ಮೊಣಕಾಲನ್ನು ಹೊಂದಿಸಿಕೊಳ್ಳುವ ವಿದ್ಯೆಯಲ್ಲಿ ನಾನು ಪರಿಣತೆ.

"ಚೀಲ ಕೊಡು ಇಲ್ಲಿ," ಎಂದಿತು ಕೆಳಗಿನಿಂದ ಒಂದು ಧ್ವನಿ.

ಲಿಲ್ಲಿ ಟೀಚರ್. ಎಂಟನೆಯ ತರಗತಿಯಲ್ಲಿ ನಮಗೆ ಸಮಾಜ ಪಾಠ ಮಾಡಿದವರು, ಈಗ ನಿವೃತ್ತರು. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಮಲಯಾಳ, ಹಳೆಯ ವಿದ್ಯಾರ್ಥಿಗಳಲ್ಲಿ ಮಾತ್ರ ಕನ್ನಡ.

"ಬೇಡ ಟೀಚರ್, ಭಾರ ಇಲ್ಲ."

"ಭಾರ ಉಂಟಾ ಅಂತ ನಾನು ಕೇಳಿದ್ದಾ? ನಿನ್ನ ಚೀಲದ ಮೂಲೆ ಉಪ್ಪಳದಿಂದ ನನ್ನ ತಲೆಗೆ ಕುಟ್ತಾ ಉಂಟು ಮಾರಾಯ್ತಿ. ಕೊಡು."

ಕೊಟ್ಟೆ. ಮುಂದಿನ ನಿಲ್ದಾಣದಲ್ಲಿ ಇನ್ನೊಂದು ಶಾಲೆಯೇ ಹತ್ತಿದಂತಾಗಿ, ನಾನು ಹಿಂದೆ ಹಿಂದೆ ಸರಿದು ಕೊನೆಯ ಸೀಟಿನ ಹತ್ತಿರ ತಲುಪಿದೆ. ಅಲ್ಲಿಂದ ಟೀಚರರ ಬಿಳಿ ಕೂದಲಿನ ತುರುಬು ಮಾತ್ರ ಕಾಣುತ್ತಿತ್ತು. ನಾನು ಇಳಿಯುವುದಕ್ಕಿಂತ ಎರಡು ನಿಲ್ದಾಣ ಮೊದಲು ಅವರು ಇಳಿಯಬೇಕು. ಬಸ್ಸು ನಿಂತಿತು. ಅವರು ಎದ್ದು ನಿಂತರು, ಆದರೆ ಕದಲಲಿಲ್ಲ.

"ಇಳೀರಿ ಟೀಚರ್, ಬೇಗ!" ಕಂಡಕ್ಟರನ ಅವಸರ.

"ಇಳಿಯುವುದು ಹೇಗೆ? ಆ ಹುಡುಗಿಯ ಚೀಲ ನನ್ನಲ್ಲಿ ಉಂಟಲ್ಲ!"

"ಪಕ್ಕದವರಿಗೆ ಕೊಟ್ಟು ಇಳೀರಿ."

"ಪಕ್ಕದವರೂ ಇಲ್ಲಿಯೇ ಇಳಿದ್ರು. ಇನ್ನು ಡ್ರೈವರಿಗೆ ಕೊಡ್ಲಿಕ್ಕಾ?"

ಬಸ್ಸಿಡೀ ನಕ್ಕಿತು, ನಾನು ಮಾತ್ರ ಜನರ ನಡುವೆ ಈಜುತ್ತಿದ್ದೆ. ಮುಂದೆ ತಲುಪುವಷ್ಟರಲ್ಲಿ ಬಸ್ಸು ಹೊರಟಾಗಿತ್ತು. ಮುಂದಿನ ನಿಲ್ದಾಣದಲ್ಲಿ ಟೀಚರ್ ಇಳಿದರು. ನಾಚಿಕೆಯಿಂದ ಅವರ ಹಿಂದೆಯೇ ನಾನೂ ಇಳಿದೆ. ಚೀಲ ಕೈಗೆ ಬಂದೊಡನೆ, ಯೋಚಿಸದೆ, ಜಿಪ್ ಎಳೆದು ಒಳಗೆ ನೋಡಿದೆ. ಲ್ಯಾಪ್‌ಟಾಪ್ ಇತ್ತು. ಇಲ್ಲದೆ ಇರಲು ಕಾರಣವಿರಲಿಲ್ಲ.

"ಎಲ್ಲ ಉಂಟಾ?" ಟೀಚರ್ ಕೇಳಿದರು. "ನಾನು ಎಂತದ್ದೂ ತಿಂದಿಲ್ಲ."

ಕ್ಷಮೆ ಕೇಳಲು ಹೊರಟರೆ ಅವರು ಆಗಲೇ ನಡೆಯತೊಡಗಿದ್ದರು. ಹಿಂದಿನ ನಿಲ್ದಾಣದವರೆಗೆ ಅವರನ್ನು ಮುಟ್ಟಿಸಿ ಬರುವುದು ನನ್ನ ಕರ್ತವ್ಯವೆನಿಸಿ ಜೊತೆಗೆ ನಡೆದೆ. ಅರ್ಧ ಮೈಲಿನ ದಾರಿ. ಮೌನವಾಗಿ ನಡೆಯುವುದು ನನಗೆ ಕಷ್ಟವಲ್ಲ, ಟೀಚರಿಗೆ ಕಷ್ಟ. ಎಂತ ಕೆಲಸ ನಿನಗೆ ಈಗ ಎಂದು ಕೇಳಿದರು. ಸಾಮಾನ್ಯವಾಗಿ ಈ ಪ್ರಶ್ನೆಗೆ ನಾನು 'ಕಂಪ್ಯೂಟರಿನಲ್ಲಿ ಬರೆಯುವುದು' ಎಂದು ಹೇಳಿ ಮುಗಿಸುತ್ತೇನೆ. ಆ ದಿನ, ಅವರನ್ನು ಒಂದು ನಿಲ್ದಾಣ ಮುಂದಕ್ಕೆ ಒಯ್ದ ಅಪರಾಧಕ್ಕೆ ಪ್ರಾಯಶ್ಚಿತ್ತವೆಂಬಂತೆ, ಎಲ್ಲವನ್ನೂ ಹೇಳಿದೆ. ಹೊಳೆಯ ಕಡವು, ವಿನಯವಂತ ಖಳ, ಶನಿವಾರ, ನಕ್ಷೆ.

ಟೀಚರ್ ಫೋನಿನಲ್ಲಿ ಬಣ್ಣದ ಗುಳ್ಳೆ ಒಡೆಯುವ ಆಟ ಆಡುವವರಾದ್ದರಿಂದ ಈ ಲೋಕಕ್ಕೆ ತೀರ ಹೊರಗಿನವರಲ್ಲ. ಖಳನ ಬಗ್ಗೆ ಅವರ ಅಭಿಪ್ರಾಯ ವಿದ್ಯಾರ್ಥಿಗಳದ್ದೇ ಆಗಿತ್ತು: "ಊಟ ಆಯ್ತಾ ಕೇಳುವವನಿಗೆ ಹೊಡೆಯುವುದು ಹೇಗೆ?" ನೇತ್ರಾಳ ವಿಷಯಕ್ಕೆ ಬಂದಾಗ ಅವರೇ ಪ್ರಶ್ನೆ ಹಾಕಿದರು.

"ಅವಳಿಗೆ ಎಂತ ಬೇಕು?"

"ಅವಳಿಗೆ ಎಂತದ್ದೂ ಬೇಡ ಟೀಚರ್. ಅದೇ ಅವಳ ಗುಣ."

"ಮತ್ತೆ ಅವಳನ್ನು ಬಿಟ್ಟು ಹೋದ್ರೆ ಅವಳಿಗೆ ನಷ್ಟ ಎಂತ? ಅವರಿಗೆ ನಷ್ಟ ಎಂತ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, "ನಿನ್ನ ಚೀಲ ಇಲ್ಲದಿದ್ರೆ ನಾನು ನನ್ನ ಸ್ಟಾಪಿನಲ್ಲಿ ಆರಾಮ ಇಳಿದು ಹೋಗ್ತಿದ್ದೆ ಮಗಾ, ನೀನು ಬಸ್ಸಿನಲ್ಲಿ ಇದ್ದಿ ಅಂತಲೂ ನೆನಪಿರ್ತಿರ್ಲಿಲ್ಲ," ಎಂದರು. ದೂರಿನ ದನಿಯೇನೂ ಇರಲಿಲ್ಲ. ಹವಾಮಾನದ ವಿಷಯ ಹೇಳಿದ ಹಾಗೆ ಹೇಳಿ ತಮ್ಮ ಮನೆಯ ಗೇಟು ತೆರೆದರು.

ಮುಂದಿನ ಬಸ್ಸು ಬರಲು ನಲವತ್ತು ನಿಮಿಷವಿತ್ತು. ನಿಲ್ದಾಣದ ಕಟ್ಟೆಯಲ್ಲಿ ಕುಳಿತು ನಾನು ನೇತ್ರಾಳಿಗೆ ಒಂದು ಚೀಲ ಬರೆದೆ.

ಅದು ಹೀಗೆ. ಎರಡನೆಯ ಊರಿಗಿಂತ ಸ್ವಲ್ಪ ಮೊದಲು ನೀರು ಹರಿಯುವ ತೋಡಿಗೆ ಅಡ್ಡ ಹಾಕಿದ ಒಂದು ಮರದ ಸಂಕವಿದೆ, ಒಬ್ಬೊಬ್ಬರೇ ದಾಟುವ ಕಾಲುಸೇತುವೆ. ಅದು ಗಟ್ಟಿಯಿದೆಯೋ ಎಂದು ನೋಡಲು ನೇತ್ರಾ ಮೊದಲು ದಾಟಬೇಕು. ಹೊರಡುವ ಮುನ್ನ ಆಟಗಾರನ ಕಡೆಗೆ ತಿರುಗಿ ಹೇಳುತ್ತಾಳೆ: "ಇದನ್ನೊಮ್ಮೆ ಹಿಡಿದುಕೊಳ್ಳಿ." ಅಷ್ಟೇ. ದಾಟಿದ ಮೇಲೆ ಅವಳು ಅದನ್ನು ವಾಪಸ್ ಕೇಳುವುದಿಲ್ಲ. ಚೀಲವನ್ನು ತೆರೆಯಲಾಗದು, ಮಾರಬಹುದು, ಎಸೆಯಬಹುದು. ಆಟಗಾರನಿಗಿರುವುದು ಹತ್ತೇ ವಸ್ತುಗಳಿಗೆ ಜಾಗ. ಅದರಲ್ಲಿ ಒಂದನ್ನು ಇದು ನುಂಗುತ್ತದೆ. ಪ್ರತಿ ವಸ್ತುವಿಗೂ ವರ್ಣನೆ ಬರೆಯುವ ನಿಯಮದಂತೆ ಇದಕ್ಕೂ ಬರೆದೆ: 'ನೇತ್ರಾಳ ಚೀಲ. ಭಾರ: ಸ್ವಲ್ಪ. ಉಪಯೋಗ: ಇಲ್ಲ.' ತೈಲಕ್ಕೆ ಎರಡು ದಿನ ಹಿಡಿದಿದ್ದರೆ ಇದಕ್ಕೆ ಎರಡು ನಿಮಿಷ ಹಿಡಿಯಿತು.

ಖಳನನ್ನೂ ಮುಟ್ಟಬೇಕಾಯಿತು. ಅವನ ವಿನಯವನ್ನು ಹಾಗೆಯೇ ಬಿಟ್ಟೆ. ಊಟ ಆಯ್ತಾ ಎಂದು ಕೇಳಿದ ಮೇಲೆ ಅವನು ಅಷ್ಟೇ ಮೆಲುವಾಗಿ ಇನ್ನೊಂದು ಮಾತು ಹೇಳುತ್ತಾನೆ: ಆ ಚೀಲವನ್ನು ನನಗೆ ಕೊಟ್ಟುಬಿಡಿ, ಬದಲಿಗೆ ನನ್ನ ಕತ್ತಿ ತೆಗೆದುಕೊಳ್ಳಿ. ಆ ಕತ್ತಿ ಇಡೀ ಆಟದಲ್ಲೇ ಶ್ರೇಷ್ಠವಾದದ್ದು. ಚೀಲವನ್ನು ಕೊಟ್ಟುಬಿಟ್ಟರೆ ನೇತ್ರಾ ಏನೂ ಮಾಡುವಂತಿಲ್ಲ.

"ಉಪಯೋಗ ಇಲ್ಲದ ಚೀಲಕ್ಕೆ ಒಂದು ಜಾಗ ದಂಡ," ಎಂದ ಅಶ್ವಿತ್ ಮರುದಿನ ಕಚೇರಿಯಲ್ಲಿ. "ಎಲ್ಲರೂ ಬಿಸಾಡ್ತಾರೆ, ನೋಡಿ ಬೇಕಾದ್ರೆ."

"ಬಿಸಾಡಿದ್ರೆ ನೇತ್ರಾಳನ್ನು ತೆಗೆದುಬಿಡುವಾ," ಎಂದೆ. ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು.

ಶನಿವಾರ ಬೆಳಿಗ್ಗೆ ಮೊದಲು ಕುಳಿತವಳು ಒಬ್ಬ ಗಡಿಬಿಡಿಯ ಹುಡುಗಿ, ಕಳೆದ ಸಲ ನೇತ್ರಾಳನ್ನು ಎಲ್ಲರಿಗಿಂತ ಬೇಗ ಕೈಬಿಟ್ಟವಳು. ನಾನು ಅವಳ ಹಿಂದೆ ಕುರ್ಚಿ ಹಾಕಿ, ಆಡುವವರಿಗೆ ಏನನ್ನೂ ಹೇಳಬಾರದೆಂಬ ನಿಯಮಕ್ಕೆ ಬದ್ಧಳಾಗಿ, ಬಾಯಿ ಮುಚ್ಚಿ ಕುಳಿತೆ. ಅದು ಮಾತ್ರ ನನಗೆ ಸಹಜವಾಗಿ ಬರುವ ಕೆಲಸ. ಸಂಕದ ಹತ್ತಿರ ಚೀಲ ಸಿಕ್ಕಿತು. ಜಾಗವಿಲ್ಲ. ಹುಡುಗಿ ಚಿಟಿಕೆ ಹೊಡೆದು ಯೋಚಿಸಿ, ಒಂದು ಗುರಾಣಿಯನ್ನು ತೋಡಿಗೆ ಎಸೆದಳು. ಎರಡನೆಯ ಊರು ಬಂತು. ನೇತ್ರಾಳನ್ನು ಇಲ್ಲಿಯೇ ಬಿಡುವುದೇ ಎಂದು ಪರದೆ ಕೇಳಿತು. ಅವಳ ಬೆರಳು ಗುಂಡಿಯ ಮೇಲೆ ಹೋಗಿ ಹಿಂದಕ್ಕೆ ಬಂತು.

"ಶ್ಶೆ, ಇವಳ ಚೀಲ ನನ್ನ ಹತ್ತಿರ ಉಂಟು," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಮುಂದೆ ಹೋದಳು.

ಕಡವಿನಲ್ಲಿ ಖಳ ಊಟ ವಿಚಾರಿಸಿ ಚೀಲ ಕೇಳಿದಾಗ ಅವಳು ಕುರ್ಚಿಯಿಂದ ಅರ್ಧ ಎದ್ದಳು. "ಇವನಿಗೆ ಎಂತಕ್ಕೆ ಅದು? ಬೇರೆಯವರದ್ದು ಕೇಳ್ಲಿಕ್ಕೆ ನಾಚಿಕೆ ಆಗುದಿಲ್ವಾ ಇವನಿಗೆ?" ಆ ಕ್ಷಣದವರೆಗೆ ಅವನೊಬ್ಬ ಸಭ್ಯ ಗೃಹಸ್ಥನಾಗಿದ್ದ, ಆಮೇಲೆ ಅವಳು ಹೊಡೆದ ಹೊಡೆತಗಳನ್ನು ನೋಡಿ ನನಗೇ ಅವನ ಮೇಲೆ ಕನಿಕರ ಬಂತು.

ಎಲ್ಲರೂ ಹೀಗೆಯೇ ಮಾಡಿದರೆಂದು ಬರೆದರೆ ನೀವು ನಂಬಬಾರದು. ಒಬ್ಬ ಕತ್ತಿಯನ್ನು ತೆಗೆದುಕೊಂಡ. ಚೀಲ ಖಳನ ಕೈ ಸೇರಿತು. ನೇತ್ರಾ, ನಾನು ಬರೆದಿದ್ದಂತೆ, "ಪರವಾಗಿಲ್ಲ" ಎಂದಷ್ಟೇ ಹೇಳಿ ಮುಂದೆ ನಡೆದಳು. ಅವನು ಆ ಅಮೋಘ ಕತ್ತಿಯನ್ನು ಹಿಡಿದುಕೊಂಡು ಅವಳ ಹಿಂದೆ ನಾಲ್ಕು ಹೆಜ್ಜೆ ಹೋದ. ನಿಂತ. ಅಶ್ವಿತನ ಕಡೆ ತಿರುಗಿ, ಮೊದಲಿನಿಂದ ಆಡಬಹುದಾ ಎಂದು ಕೇಳಿದ. ಒಂದೂವರೆ ಗಂಟೆಯ ಆಟವನ್ನು ಅಳಿಸಿ ಪುನಃ ಶುರುಮಾಡಿದ.

ನಾನು ಇಷ್ಟು ಕಾಲ ತಿಳಿದಿದ್ದೆ, ಒಬ್ಬರಿಗೆ ಹೊರೆಯಾಗದೆ ಇರುವುದೇ ಅವರಿಗೆ ಮಾಡಬಹುದಾದ ಉಪಕಾರವೆಂದು. ಅದು ತಪ್ಪೆಂದು ಈಗಲೂ ಪೂರ್ತಿ ಒಪ್ಪಲಾರೆ. ಆದರೆ ಹೊರೆಯಾಗದವಳನ್ನು ಹೊತ್ತುಕೊಳ್ಳುವ ಅವಕಾಶವೂ ಯಾರಿಗೂ ಇರುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ವಿದ್ಯಾರ್ಥಿಗಳು ಹೋದ ಮೇಲೆ ಅಶ್ವಿತ್ ತನ್ನ ಪಟ್ಟಿಯಲ್ಲಿ ನಕ್ಷೆಯನ್ನು ಹೊಡೆದುಹಾಕಿದ. ಆಮೇಲೆ ಉತ್ಸಾಹ ತಡೆಯಲಾರದೆ, "ಕೊನೆಯಲ್ಲಿ ಆ ಚೀಲ ತೆರೆದು ತೋರಿಸುವಾ," ಎಂದ. "ಒಳಗೆ ಒಂದು ಭರ್ಜರಿ ಬಹುಮಾನ ಇಡುವಾ. ಅಷ್ಟು ದೂರ ಹೊತ್ತವರಿಗೆ ಎಂತಾದ್ರೂ ಸಿಗಬೇಕಲ್ಲ?"

"ಬೇಡ," ಎಂದೆ.

ನಾನು ಬೇಡ ಎಂದದ್ದನ್ನು ಅವನು ಮೊದಲ ಬಾರಿ ಕೇಳಿರಬೇಕು, ಪೆನ್ನು ಕೆಳಗಿಟ್ಟ. "ತೆರೆಯುವುದು ಬೇಡವಾ, ಬಹುಮಾನ ಬೇಡವಾ?"

"ಎರಡೂ ಬೇಡ. ಕೊನೆಗೆ ಅವಳಿಗೆ ವಾಪಸ್ ಕೊಡ್ತಾರೆ, ಅವಳು ಹೆಗಲಿಗೆ ಹಾಕಿಕೊಳ್ತಾಳೆ. ಅಷ್ಟೇ."

"ಅಲ್ಲ ಮಾರಾಯ್ರೆ, ಅದರ ಒಳಗೆ ಉಂಟಾದ್ರೂ ಎಂತ? ನನಗಾದ್ರೂ ಹೇಳಿ."

"ಅದು ನೇತ್ರಾಳ ವಿಷಯ," ಎಂದೆ.