ಅಪ್ಪ ಹಿಡಿಯುತ್ತಿದ್ದ ದೇವರು

ರಾಯಚೂರಿನಿಂದ ಮಾನ್ವಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇನೋ ಸಿಕ್ಕಿತು, ಕಿಟಕಿಗೆ ಗಾಜಿರಲಿಲ್ಲ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಳೆ ಬಂದು ಹೋಗಿ ಎರೆಹೊಲಗಳು ಕಪ್ಪಗೆ ಹಸಿಯಾಗಿದ್ದವು. ಮನೆ ಮಾಡಿದ್ದು ರಾಯಚೂರಿನಲ್ಲಾದರೂ ನಮ್ಮ ಮೂಲ ಊರು ಮಸರಕಲ್ಲು. ನಾನು ಹೊರಟಿದ್ದು ಅಲ್ಲಿಗೆ, ಮೊಹರಂ ದೇವರು ಹಳ್ಳಕ್ಕೆ ಹೋಗುವ ಕೊನೆಯ ದಿನಕ್ಕೆ. ಉದ್ದನೆಯ ಕೋಲಿನ ತುದಿಗೆ ಬೆಳ್ಳಿಯ ಹಸ್ತ, ಅದೇ ಪಂಜಾ, ಅದೇ ದೇವರು. ನಾವು ಹಿಂದೂ ರೈತರಾದರೂ ಅಲ್ಲಿ ದೊಡ್ಡ ಪಂಜಾ ಹಿಡಿಯುವವರು ತಲೆಮಾರುಗಳಿಂದ ನಮ್ಮ ಮನೆಯವರೇ. ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡಿದ್ದ. ಇನ್ನು ಹಿಡಿಯಬೇಕಾದವನು ನಾನು. ಹಿಡಿಯಬೇಕೋ ಬಿಡಬೇಕೋ, ದೇವರಾಣೆ ತಿಳಿದಿರಲಿಲ್ಲ. ಅವ್ವನನ್ನು ಕೇಳಿದರೆ ಬುತ್ತಿ ಕಟ್ಟಿಕೊಟ್ಟಳೇ ಹೊರತು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮಾನ್ವಿಯಲ್ಲಿ ಅಕ್ಕ ಕಾದು ನಿಂತಿದ್ದಳು. ಅವಳನ್ನು ಕೊಟ್ಟಿದ್ದು ಅದೇ ಊರಿಗೆ. ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ದೇವದುರ್ಗದ ಬಸ್ಸು ಹತ್ತಿದೆವು. ಬಸ್ಸು ಹೊರಟಿತೋ ಇಲ್ಲವೋ, ಅವಳ ಮಾತೂ ಹೊರಟಿತು.

"ಅಪ್ಪ ಹೋಗಿ ಇನ್ನಾ ವರ್ಷ ತುಂಬಿಲ್ಲ. ಈ ಸಲ ದಸರಾಕ್ಕ ಬನ್ನಿ ಕೊಟ್ಟೀವೇನು? ಇಲ್ಲ. ಅಂಥಾದ್ರಾಗ ನೀ ದೇವರು ಹಿಡಿತಿ?"

"ಮತ್ತ ಅಪ್ಪನ ಸೇವಾ ಬಿಡಬೇಕೇನು?"

"ಬಿಡು ಅಂದೆನೇನಲೇ? ಬರೋ ವರ್ಷ ಹಿಡಿ. ಹಿರೇರ ರೀತಿ ಅಂದ್ರ ನಿನಗ ಬೇಕಾದ್ದಷ್ಟ ಅಲ್ಲ."

ಮಾತು ಸರಿಯೇ ಇತ್ತು. ದೇವದುರ್ಗ ಮುಟ್ಟುವಷ್ಟರಲ್ಲಿ ಹಿಡಿಯಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಲ್ಲಿ ಜೀಪಿಗೆ ಕಾಯುತ್ತ ಚಹಾ ಕುಡಿಯುವಾಗ ಮತ್ತೆ ಅನುಮಾನ ಶುರುವಾಯಿತು. ಎಂಥ ಪೇಚಾಟ!

ಮಸರಕಲ್ಲಿನಲ್ಲಿ ಹಲಗೆಯ ಸದ್ದು ಊರ ಹೊರಗೇ ಕೇಳುತ್ತಿತ್ತು. ದೇವರ ಸೇವೆ ನೋಡುವ ಮುಜಾವರ ಹುಸೇನಸಾಬ ಅಪ್ಪನ ವಾರಿಗೆಯವನು. ಮಸೂತಿಯ ಬಾಗಿಲಲ್ಲಿ ಕೂತಿದ್ದವನಿಗೆ ಅಕ್ಕನ ಮಾತನ್ನೇ ಒಪ್ಪಿಸಿ, ಈ ಸಲ ಬೇರೆಯವರ ಕೈಗೆ ಕೊಡಿ ಎಂದೆ.

"ತಮ್ಮಾ, ಇದೇನು ಮದಿವಿ ಏನು?" ಎಂದ. "ಕರ್ಬಲಾದಾಗ ಮಕ್ಕಳನ್ನ ಕಳಕೊಂಡವರ ದುಃಖ ಇದು. ಅಳೋ ಮನಿಯವರು ಬರಬಾರದು ಅಂದ್ರ ಮತ್ಯಾರು ಬರಬೇಕು? ಆದ್ರ ನಿಮ್ಮ ರೀತಿ ನಿಮಗ. ನೀ ಒಲ್ಲೆ ಅಂದ್ರ ಈ ವರ್ಷ ದೊಡ್ಡ ದೇವರು ಒಳಗ ಇರ್ತದ. ಹಿರೇರು ನಿಮ್ಮ ಮನಿಗೆ ಕೊಟ್ಟದ್ದನ್ನ ಬ್ಯಾರೇರ ಕೈಗೆ ನಾ ಕೊಡಂಗಿಲ್ಲ."

ಇಬ್ಬರೂ ಹಿರಿಯರ ಹೆಸರನ್ನೇ ಹೇಳುತ್ತಿದ್ದರು. ಯಾರ ಮಾತು ಮೀರಿದರೂ ಅಪ್ಪನಿಗೇ ತಪ್ಪಿದಂತೆ. ಉಳಿದ ದೇವರುಗಳೆಲ್ಲ ಹೊರಗೆ ಬಂದವು. ಬಿಂದಿಗೆ ಹಿಡಿದ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಒಳಗೆ ದೊಡ್ಡ ಪಂಜಾ ಒಂದೇ ಗೋಡೆಗೆ ಒರಗಿತ್ತು. ತೀರ್ಮಾನ ಮಾಡಿದೆ ಎಂದರೆ ಸುಳ್ಳಾದೀತು. ಬಾವಿಗೆ ಹೋಗಿ ತಲೆ ಮೇಲೆ ನೀರು ಸುರಿದುಕೊಂಡು ಬಂದು, ಹಿಡಿದುಬಿಟ್ಟೆ. ಹಾದಿಯುದ್ದಕ್ಕೂ ಹೆಂಗಸರು ಕಾಲಿಗೆ ನೀರು ಹಾಕಿದರು. ಅಕ್ಕ ಹಾಕಲಿಲ್ಲ, ಬೇವಿನ ಗಿಡದ ಕೆಳಗೆ ಮುಖ ತಿರುವಿ ನಿಂತಿದ್ದಳು.

ಮರುದಿನ ಮಾನ್ವಿಯವರೆಗೂ ಅವಳು ಬೇರೆ ಸೀಟಿನಲ್ಲಿ ಕೂತಳು. ಇಳಿಯುವಾಗ, "ನೀ ಮಾಡಿದ್ದು ತಪ್ಪ," ಎಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಸಕ್ಕರೆಯ ಪೊಟ್ಟಣ ಕೊಟ್ಟಳು. "ದೇವರ ಮುಂದ ಇಟ್ಟು ಅಪ್ಪನ ಹೆಸರೀಲೆ ಹುಸೇನಸಾಬನ ಕಡಿ ಓದಿಸೀನಿ. ಅವ್ವಗ ಕೊಡು." ತಪ್ಪು ಎಂದವಳು ಯಾವಾಗ ಓದಿಸಿದಳೋ! ನನಗಂತೂ ಏನೊಂದೂ ಅರ್ಥವಾಗಲಿಲ್ಲ.

ರಾಯಚೂರಿನಲ್ಲಿ ಇಳಿದು ಮನೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಅವ್ವ ಬಾಗಿಲಲ್ಲೇ ಇದ್ದಳು. ಹಿಡಿದೆಯೋ ಇಲ್ಲವೋ ಎಂದು ಕೇಳಲಿಲ್ಲ. ನನ್ನ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಬೊಬ್ಬೆ ಎದ್ದಿದ್ದವು.

"ಭಾರ ಇತ್ತೇನಪಾ?"

"ಭಾಳ ಭಾರ ಇತ್ತವ್ವಾ."

"ನಿಮ್ಮಪ್ಪ ಒಂದು ವರ್ಷಾನೂ ಹೇಳಲಿಲ್ಲ ನೋಡು," ಎಂದವಳೇ ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಅಪ್ಪ ಹೋದ ಮೇಲೆ ಮೊದಲ ಸಲ, ಬಾಯಿ ಬಿಟ್ಟು ಅತ್ತಳು.