ಜ್ವರ ಇಳಿದ ದಿನ ಹಂಚಿದ ಪೇಡೆ

ನರ್ಸಬಾಯಿಯ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ರೊಟ್ಟಿ ಬಡಿದು ಆದದ್ದೋ, ರೋಗಿಗಳ ಉಗುರು ಒತ್ತಿ ಆದದ್ದೋ ತಿಳಿಯದು. ಆ ಬೆರಳಿನಿಂದ ನನ್ನ ಹೆಂಡತಿಯ ಉಗುರನ್ನು ಒತ್ತಿ ಬಿಡುವರು. ಬಿಳಿಚಿದ್ದು ಮತ್ತೆ ಕೆಂಪಾಗುವವರೆಗೆ ದಿಟ್ಟಿಸುವರು. ಮುಂದಿನ ಮಂಚಕ್ಕೆ ನಡೆದುಬಿಡುವರು.

ಮೂಡಲಗಿಯಿಂದ ಗೋಕಾಕದ ದವಾಖಾನೆಗೆ ಇವಳನ್ನು ಕರೆತಂದಾಗ ಜ್ವರ ಬಂದು ಮೂರು ದಿನವಾಗಿತ್ತು. ಕಣ್ಣಿನ ಹಿಂದೆ ನೋವು, ಮೈಕೈ ಮುರಿದ ಹಾಗೆ. ರಕ್ತ ತಪಾಸಣೆಯಲ್ಲಿ ಡೆಂಗಿ ಎಂದು ಬಂತು. ನಾನು ಮೊದಲೇ ಸೀನು ಬಂದರೆ ಮೃತ್ಯುಪತ್ರ ಬರೆಯಲು ಕೂರುವ ಜಾತಿ. ಪ್ಲೇಟ್‌ಲೆಟ್ ಎಷ್ಟಾಯಿತು ಎಂದು ಲ್ಯಾಬಿನ ಬಾಗಿಲಿಗೆ ಹತ್ತು ಸಲ ಅಲೆದೆ.

"ಸರ, ನಂಬರ ಕೇಳೂದು ಬಿಡ್ರಿ," ಎಂದರು ನರ್ಸಬಾಯಿ. "ವೈನಿಯಾರು ಮುಂಜಾನಿಂದ ಎಷ್ಟ ಸಲ ಮೂತ್ರಕ್ಕ ಹೋಗ್ಯಾರ, ಅದನ್ನ ಬರದಿಡ್ರಿ."

ಜ್ವರದಲ್ಲೂ ಇವಳಿಗೆ ನಗು. "ಮಾಸ್ತರಗ ಹಾಜರಿ ಹಚ್ಚೂ ಕೆಲಸ ಕೊಟ್ರಲ್ರಿ ಬಾಯಾರ!"

ಐದನೆಯ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ಬದುಕಿನಲ್ಲಿ ಮೊದಲ ಬಾರಿಗೆ ನಾನು ಚಿಂತೆ ಬಿಟ್ಟೆ. ಪೇಡೆ ತಂದು ವಾರ್ಡಿಗೆಲ್ಲ ಹಂಚಿದೆ. ಊರಿಗೆ ಹೋಗಲು ಗಾಡಿಯನ್ನೂ ಕರೆಸಿದೆ. ನರ್ಸಬಾಯಿ ತಮ್ಮ ಪಾಲಿನ ಪೇಡೆಯನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲಿಟ್ಟರು.

"ಜ್ವರ ಇದ್ದಾಗ ಹೆದರಿದ್ರಿ, ಇಳಿದ ಮ್ಯಾಲ ಬಿಟ್ರಿ. ಉಲ್ಟಾ ಆತಲ್ರಿ ಸರ. ಡೆಂಗಿದಾಗ ಖರೆ ಕಾಳಜಿ ಮಾಡೂ ಹೊತ್ತು ಈಗ ಐತಿ. ಇವತ್ತು ನಾಳಿ ಎಲ್ಲಿಗೂ ಹೋಗಾಕ ಬರೂದಿಲ್ಲ."

"ಗಾಡಿ ಬಂದು ನಿಂತೈತ್ರಿ ಬಾಯಾರ."

"ನಿಂತಿದ್ರ ನಿಲ್ಲಲಿ. ಡ್ರೈವರಗೂ ಒಂದ ಪೇಡೆ ಕೊಟ್ಟ ಕಳಸ್ರಿ."

ಮುಖ ಊದಿಸಿಕೊಂಡು ಗಾಡಿ ಕಳಿಸಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಇವಳು ಹೊಟ್ಟೆ ಹಿಡಿದುಕೊಂಡಳು. ಎರಡು ಸಲ ವಾಂತಿ. ಕೈಕಾಲು ಮಂಜುಗಡ್ಡೆ. ನನ್ನ ಹಾಜರಿ ಚೀಟಿಯಲ್ಲಿ ಬೆಳಗಿನಿಂದ ಒಂದೇ ಗೀಟು ಇತ್ತು. ನರ್ಸಬಾಯಿ ಉಗುರು ಒತ್ತಿದರು. ಬಿಳುಪು ಹಾಗೇ ನಿಂತಿತು. ಬಿಪಿ ನೋಡಿದವರೇ ಡಾಕ್ಟರಿಗೆ ಹೇಳಿಕಳಿಸಿದರು. ಸಲಾಯನ್ ಶುರುವಾಯಿತು.

"ಜೋರ ಬಿಡ್ರಿ, ಎಲ್ಲಾ ಒಮ್ಮಿಗೇ ಒಳಗ ಹೋಗಲಿ," ಎಂದು ನಾನು ಗೋಗರೆದೆ.

"ಜಾಸ್ತಿ ಆದ್ರ ಎದಿಯಾಗ ನೀರ ತುಂಬತೈತಿ, ಕಡಿಮಿ ಆದ್ರ ಬಿಪಿ ಬೀಳತೈತಿ. ಡಾಕ್ಟರ ಹೇಳಿದಷ್ಟ ಬಿಡಬೇಕು. ನೀವು ಚೀಟಿ ನೋಡ್ಕೋರಿ."

ಎರಡು ದಿನ ಅವರು ತಾಸಿಗೊಮ್ಮೆ ಬಂದು ಹನಿ ಎಣಿಸಿದರು, ಉಗುರು ಒತ್ತಿದರು. ರಜೆ ಮೇಲೆ ಹುಕ್ಕೇರಿಯ ತವರಿಗೆ ಹೋಗಬೇಕಿದ್ದವರು ಹೋಗಲಿಲ್ಲವೆಂದು ಆಮೇಲೆ ಬೇರೆ ಯಾರೋ ಹೇಳಿದರು. ಆ ಗಾಡಿ ಹತ್ತಿದ್ದರೆ ಮಧ್ಯಾಹ್ನ ನಾವೆಲ್ಲಿ ಇರುತ್ತಿದ್ದೆವು? ಮೂಡಲಗಿಯ ಮನೆಯಲ್ಲಿ, ಹೊಟ್ಟೆನೋವಿಗೆ ಓಂಕಾಳು ತಿನ್ನಿಸುತ್ತ. ಇದನ್ನು ಇಂದಿಗೂ ದಿನಕ್ಕೊಮ್ಮೆಯಾದರೂ ಯೋಚಿಸುತ್ತೇನೆ.

ಮೂರನೆಯ ಬೆಳಿಗ್ಗೆ ಇವಳು ಹಸಿವು ಎಂದಳು. ನರ್ಸಬಾಯಿ ಮೇಜಿನ ಮೇಲಿನ ಕಾಗದ ಬಿಚ್ಚಿ, ಒಣಗಿದ ಪೇಡೆಯನ್ನು ಕಟಕಟನೆ ಕಡಿದು ತಿಂದರು.

ಮನೆಗೆ ಹೊರಟಾಗ ಉಪಕಾರವಾಯಿತು ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಮತ್ತ ಬರೂದಿಲ್ಲಲ್ರಿ ಇದು?"

"ಬರಬಹುದು. ಎರಡನೇ ಸಲ ಬಂದ್ರ ಇನ್ನೂ ಜೋರ ಆಗಬಹುದು. ಮೊದಲ ಹೋಗಿ ನೀರಿನ ಬ್ಯಾರಲ್ ತಿಕ್ಕ್ರಿ, ಸೊಳ್ಳಿ ಅದರಾಗ ತತ್ತಿ ಇಡತಾವು."

ನನ್ನಂಥವನಿಗೆ ಇಷ್ಟು ಸಾಕು. ಅಂದಿನಿಂದ ಪ್ರತಿ ರವಿವಾರ ಬ್ಯಾರಲ್ ತಿಕ್ಕುತ್ತೇನೆ. ಓಣಿಯವರು ನಗುತ್ತಾರೆ.

ನರ್ಸಬಾಯಿ ಧುಪದಾಳದ ತಮ್ಮ ಮನೆಯಲ್ಲಿ ತೀರಿಕೊಂಡ ಸುದ್ದಿ ನಮಗೆ ಮುಟ್ಟಿದ್ದು ಕಳೆದ ತಿಂಗಳು, ಮಣ್ಣಾಗಿ ನಾಲ್ಕು ದಿನದ ಮೇಲೆ. ಕೂತಲ್ಲಿ ಕೂರಲಾಗಲಿಲ್ಲ. ವಾರದ ನಡುವೆಯೇ ತುಂಬಿದ ಬ್ಯಾರಲ್ಲಿನ ನೀರನ್ನೆಲ್ಲ ಗಿಡಗಳಿಗೆ ಸುರಿದು ತಿಕ್ಕತೊಡಗಿದೆ. ಇವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಬಂದು ಎದುರಿಗೆ ಕೂತಳು.

"ಅಂಚು ಬಿಟ್ರಲ್ರಿ, ತತ್ತಿ ಅಲ್ಲೇ ಇರತಾವು," ಎಂದಳು.

ಇಬ್ಬರೂ ಅಂಚು ತಿಕ್ಕಿದೆವು.